ಉಡುಪಿಗೆ ಹೊಸಬರು: ನಗರಸಭೆ ವಿಷಯ, ಊರಿನ ಕಾರ್ಯಕ್ರಮ ಎಲ್ಲ ಮೊದಲೇ ತಿಳ್ಕೊಳ್ಳೋದು ಹೇಗೆ?

ಹಾಸನದವಳು:

ಎಲ್ರಿಗೂ ನಮಸ್ಕಾರ. ನಾವು ಹಾಸನದ ಕಡೆಯವ್ರು, ಮನೆಯವರ ಕೆಲಸದ ಮೇಲೆ ಮಣಿಪಾಲಕ್ಕೆ ಬಂದು ಬಾಡಿಗೆಗೆ ಇದ್ವಿ, ಈಗ ಮಣಿಪಾಲದಿಂದ ಅಲೆವೂರು ಕಡೆ ಹೋಗೋ ರೋಡಲ್ಲಿ ಒಂದು ಹಳೇ ಮನೆ ತಗೊಂಡಿದೀವಿ. ಬಾವಿ ಇದೆ, ನಾಲ್ಕು ತೆಂಗಿನ ಮರ ಇದೆ, ಮನೆ ತುಂಬಾ ಇಷ್ಟ ಆಗಿದೆ. ನಂಗೆ ಬೇಜಾರಾಗೋದು ಒಂದೇ ವಿಷಯ, ಊರಲ್ಲಿ ಏನಾದ್ರೂ ಆದ್ಮೇಲೇ ನಮಗೆ ಗೊತ್ತಾಗೋದು. ಮಕ್ಕಳನ್ನ ಕರ್ಕೊಂಡು ಹೊರಟು ಕಲ್ಸಂಕಕ್ಕೆ ಬಂದ ಮೇಲೆ ಇವತ್ತು ಮೆರವಣಿಗೆ, ಗಾಡಿ ಬಿಡಲ್ಲ ಅಂತಾರೆ. ಪಕ್ಕದ ಮನೆಯವರು ಮೊನ್ನೆ ಮೀಟಿಂಗಲ್ಲಿ ಚರಂಡಿ ವಿಷಯ ಮಾತಾಡಿದ್ವಿ ಅಂದ್ರು, ಯಾವ ಮೀಟಿಂಗು ಎಲ್ಲಿ ಆಯ್ತು ಅಂತ ಕೇಳೋಕೂ ಸಂಕೋಚ ಆಯ್ತು.

ನಮ್ಮ ವಾರ್ಡ್ ಸದಸ್ಯರು ಯಾರು ಅಂತ ತಿಳ್ಕೊಳ್ಳೋದು ಹೇಗೆ, ನಗರಸಭೆ ಮೀಟಿಂಗಿಗೆ ನಮ್ಮಂಥವರು ಹೋಗಬಹುದಾ? ಬೇಸಿಗೇಲಿ ನೀರಿಗೆ ಕಷ್ಟ ಅಂತಾರೆ ನಿಜಾನಾ? ಅತ್ತೆಗೆ ಅಷ್ಟಮಿ ನೋಡ್ಬೇಕು ಅಂತ ತುಂಬಾ ಆಸೆ, ವಯಸ್ಸಾಗಿದೆ, ನೂಕುನುಗ್ಗಲಲ್ಲಿ ಆಗಲ್ಲ. ಇನ್ಮುಂದೆ ಇಲ್ಲೇ ಇರೋದು ಅಂತ ಬಂದಿದೀವಿ, ಹಾಗಾಗಿ ಸರಿಯಾಗಿ ತಿಳ್ಕೊಂಡು ಇರೋಣ ಅಂತ. ತಿಳಿದವ್ರು ಹೇಳಿ ಪ್ಲೀಸ್.

ಪರ್ಕಳದ ಮೇಷ್ಟ್ರು:

ಮೇಡಂ, ಸದಸ್ಯರು ಯಾರು ಅಂತ ಹುಡುಕುವ ಮೊದಲು ನಿಮ್ಮ ಮನೆ ನಗರಸಭೆಯದ್ದಾ ಪಂಚಾಯತಿದ್ದಾ ನೋಡ್ಬೇಕು. ಮಣಿಪಾಲ ಅಂದ ಕೂಡ್ಲೆ ಎಲ್ರೂ ನಗರಸಭೆ ಅಂತ ತಿಳ್ಕೊಳ್ತಾರೆ, ಹಾಗಲ್ಲ. ಮಣಿಪಾಲದ ಒಂದು ಭಾಗ ಉಡುಪಿ ನಗರಸಭೆ, ಇನ್ನೊಂದು ಭಾಗ '80 ಬಡಗಬೆಟ್ಟು' ಅನ್ನುವ ಗ್ರಾಮ ಪಂಚಾಯತ್, ಹಾಗೇ ಮುಂದೆ ಹೋದ್ರೆ ಅಲೆವೂರು ಪಂಚಾಯತ್. ನೀವು ಹೇಳಿದ ರೋಡ್ ನೋಡಿದ್ರೆ ನಿಮ್ಮದು ಪಂಚಾಯತ್ ಆಗಿರುವ ಸಾಧ್ಯತೆಯೇ ಜಾಸ್ತಿ. ಮನೆ ತಗೊಳ್ಳುವಾಗ ಕೊಟ್ಟ ಕಾಗದ ತೆಗೆದು ನೋಡಿ, ನಮೂನೆ 9/11 ಅಂತ ಇದ್ರೆ ಪಂಚಾಯತ್, ನಮೂನೆ 3 ಇದ್ರೆ ನಗರಸಭೆ. ತೆರಿಗೆ ರಶೀದಿ ಮೇಲೂ ಬರೆದಿರ್ತದೆ.

ಇದನ್ನು ಇಷ್ಟು ಒತ್ತಿ ಹೇಳ್ತಿರುವುದು ಯಾಕೆಂದ್ರೆ ಬೀದಿದೀಪ, ಕಸ, ಚರಂಡಿ, ನೀರು ಎಲ್ಲದಕ್ಕೂ ಬಾಗಿಲು ಬೇರೆ ಬೇರೆ. ಪಂಚಾಯತ್ ಆದ್ರೆ ನಿಮಗೆ ಒಂದು ದೊಡ್ಡ ಅನುಕೂಲ ಉಂಟು, ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದ್ರೂ ಮಾಡ್ಲೇಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ ಆಗ್ಬೇಕು, ಅಲ್ಲಿ ನೀವು ಎದ್ದು ನಿಂತು ಕೇಳ್ಬಹುದು, ಕೇಳಿದ್ದು ನಡಾವಳಿಯಲ್ಲಿ ಬರೆಯಲ್ಪಡ್ತದೆ, ಬರೆದ್ರಾ ಅಂತ ನೋಡಿ ಬರುವುದು ನಮ್ಮ ಕೆಲಸ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಅಂತಲೂ ಬೇರೆ ಆಗ್ತದೆ. ಮಕ್ಕಳದ್ದಕ್ಕೆ ನಿಮ್ಮ ಮಕ್ಕಳನ್ನು ಖಂಡಿತ ಕಳಿಸಿ, ಶಾಲೆ ಹತ್ರ ಫುಟ್‌ಪಾತ್ ಇಲ್ಲ, ಬಸ್ ನಿಲ್ಲಿಸುವುದಿಲ್ಲ ಅಂತ ಅವರು ಹೇಳುವಷ್ಟು ನೇರ ದೊಡ್ಡವರು ಹೇಳುವುದಿಲ್ಲ. ಪಕ್ಕದ ಮನೆಯವರು ಹೇಳಿದ ಮೀಟಿಂಗ್ ಇದೇ ಇರ್ಬೇಕು. ಸಂಕೋಚ ಬೇಡ, ಅವರತ್ರವೇ ಕೇಳಿ, ಮುಂದಿನ ಸಲ ಒಟ್ಟಿಗೇ ಹೋಗಿ.

ನಗರಸಭೆಗೆ ಇಂಥದ್ದು ಇಲ್ಲ. ವಾರ್ಡ್ ಸಮಿತಿ ಕಡ್ಡಾಯ ಅಂತ ಸಂವಿಧಾನ ಹೇಳುವುದು 3 ಲಕ್ಷ ಜನಸಂಖ್ಯೆ ಮೇಲಿನ ಊರಿಗೆ, ಉಡುಪಿ ಅಷ್ಟು ದೊಡ್ಡದಲ್ಲ. ಮಂಗಳೂರಲ್ಲಿ ಆಯ್ತು ಅಂತ ನಮ್ಮವರೂ ಕೇಳ್ತಾರೆ, ಅದು ಮಹಾನಗರಪಾಲಿಕೆ. ಇಲ್ಲಿ 35 ವಾರ್ಡ್, ಪ್ರತಿ ವಾರ್ಡಿಗೆ ಒಬ್ಬರು ಸದಸ್ಯರು, ತಿಂಗಳಿಗೊಮ್ಮೆ ಸಾಮಾನ್ಯ ಸಭೆ, ಅದರಲ್ಲಿ ಮಾತಾಡುವುದು ಸದಸ್ಯರು ಮಾತ್ರ. ಹಾಗಾಗಿ ನಗರಸಭೆ ವ್ಯಾಪ್ತಿಯವರು ಸಭೆಗೆ ಮೊದಲೇ ಸದಸ್ಯರನ್ನು ಹಿಡಿದು ವಿಷಯ ಕೊಡ್ಬೇಕು, ಬಾಯಲ್ಲಿ ಅಲ್ಲ, ಕಾಗದದಲ್ಲಿ, ಸ್ವೀಕೃತಿ ಸಮೇತ.

ಕೋರ್ಟ್‌ರೋಡ್ ನಿವಾಸಿ:

ಮೇಷ್ಟ್ರೇ ನೀವು ಹೇಳಿದ್ದು ಕಾಗದದ ಮೇಲೆ ಸರಿ. ಆದ್ರೆ ಹೊಸಬರಿಗೆ ಪೂರ್ತಿ ವಿಷಯ ಹೇಳ್ಬೇಕಲ್ಲ. ಉಡುಪಿ ನಗರಸಭೆಗೆ 2018 ಆಗಸ್ಟ್ 31ಕ್ಕೆ ಓಟು ಹಾಕಿದ್ದು, ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ವಿಷಯ ಕೋರ್ಟಿಗೆ ಹೋಗಿ ಗೆದ್ದವರು ಅಧಿಕಾರಕ್ಕೆ ಬರ್ಲಿಕ್ಕೆ 2020 ಆಯ್ತು, ಎರಡು ವರ್ಷ ಗೆದ್ದ ಸದಸ್ಯರು ಇದ್ದೂ ಇಲ್ಲದ ಹಾಗೆ, ಆಡಳಿತಾಧಿಕಾರಿ ನೋಡಿಕೊಂಡದ್ದು. ಅಧ್ಯಕ್ಷರ ಮೊದಲ ಅವಧಿ ಮುಗಿದ ಮೇಲೂ 2024ರ ವರೆಗೆ ಅದೇ ಕತೆ. ನಾನು ಒಂದು ಪಕ್ಷದ ಪರ ವಿರೋಧ ಹೇಳ್ತಿಲ್ಲ, ಇಡೀ ರಾಜ್ಯದ್ದೇ ಹಾಗೆ ಆಗಿದ್ದು. ಅಂಥಾ ಹೊತ್ತಲ್ಲಿ ಜನ ಯಾರ ಹತ್ರ ಹೋಗ್ಬೇಕು? ಸದಸ್ಯರ ಹತ್ರ ಹೋದ್ರೆ ನಮಗೆ ಅಧಿಕಾರ ಇಲ್ಲ ಅಂತಾರೆ, ಅವರು ಹೇಳುವುದೂ ನಿಜ. ಜನ ಮೀಟಿಂಗು ಗೀಟಿಂಗು ಅಂತ ಆಸೆ ಇಟ್ಟುಕೊಳ್ಳುವುದನ್ನು ಬಿಟ್ಟದ್ದು ಸುಮ್ನೆ ಅಲ್ಲ.

ಪರ್ಕಳದ ಮೇಷ್ಟ್ರು:

ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ನನಗೂ ಅದು ಸಿಟ್ಟಿನ ವಿಷಯವೇ. ಐದು ವರ್ಷಕ್ಕೆ ಅಂತ ಜನ ಆರಿಸಿ ಕಳಿಸಿದವರನ್ನು ಮನೆಯಲ್ಲಿ ಕೂರಿಸಿದ್ದು ದೊಡ್ಡ ಅನ್ಯಾಯ. ಆದ್ರೆ ಅಧ್ಯಕ್ಷರಿಲ್ಲದಾಗಲೂ ಬಜೆಟ್ ಆಗ್ತದೆ, ಟೆಂಡರ್ ಆಗ್ತದೆ, ತೆರಿಗೆ ತಗೊಳ್ತಾರೆ. ನಾವು ಕೇಳ್ಲಿಕ್ಕೆ ಹೋಗದಿದ್ರೆ ಎಂತ ಆಯ್ತು ಅಂತಲೂ ಗೊತ್ತಾಗುವುದಿಲ್ಲ. ಬಜೆಟ್‌ಗೆ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳುವ ಪೂರ್ವಭಾವಿ ಸಭೆ ಅಂತ ಕರೀತಾರೆ, ಸಾಧಾರಣ ಚಳಿಗಾಲದಲ್ಲಿ. ಪೇಪರಿನಲ್ಲಿ ಸಣ್ಣ ಸುದ್ದಿ, ಹೋಗುವವರು ಬೆರಳೆಣಿಕೆ. ನಮ್ಮ ಬೀದಿಯವರು ಕೆಲವರು ಒಟ್ಟಾಗಿ ಹೋಗಿ ಶಾಲೆ ಎದುರಿನ ತೋಡಿಗೆ, ಅಂದ್ರೆ ಸಣ್ಣ ಕಾಲುವೆಗೆ, ಸ್ಲ್ಯಾಬ್ ಬೇಕು ಅಂತ ಬರೆದುಕೊಟ್ಟಿದ್ದೆವು, ಆ ವರ್ಷ ಆಗ್ಲಿಲ್ಲ, ಮುಂದಿನ ವರ್ಷ ಆಯ್ತು. ಮಳೆಗಾಲದಲ್ಲಿ ನೀರು ರೋಡಿಗೆ ಬಂದಾಗ ಫೋಟೋ ಹಾಕಿ ಬೈಯುವ ಬದಲು ಮಳೆಗಾಲಕ್ಕೆ ಆರು ತಿಂಗಳು ಮೊದಲೇ ಕೇಳ್ಬೇಕು, ಇದು ನಾನು ಎಲ್ಲರ ಹತ್ರ ಹೇಳುವ ಮಾತು.

ಮತ್ತೆ ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿದ್ರೆ ನಗರಸಭೆಯಲ್ಲಿ ನೂರಕ್ಕೆ 5 ರಿಯಾಯಿತಿ ಉಂಟು. ಕೊಡಬೇಕಾದ್ದನ್ನು ಕೊಟ್ಟು ಕೇಳಿದ್ರೆ ಕೇಳುವ ದನಿಯೇ ಬೇರೆ. ಸಭೆಯ ನಿರ್ಣಯದ ಪ್ರತಿ ಬೇಕಾದ್ರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಅರ್ಜಿ, 30 ದಿನದೊಳಗೆ ಉತ್ತರ ಕೊಡ್ಬೇಕು.

ಬೈಲಕೆರೆ:

ಮಳೆಗಾಲದ ವಿಷಯ ಬಂತಲ್ಲ, ನಾನು ಸ್ವಲ್ಪ ಹೇಳ್ತೇನೆ, ಉದ್ದ ಆದ್ರೆ ಕ್ಷಮಿಸಿ.

ಉಡುಪಿಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ಗೊತ್ತಾಗ್ಬೇಕಾದ್ರೆ ಇಂದ್ರಾಣಿಯನ್ನು ನೋಡ್ಬೇಕು. ಇಂದ್ರಾಳಿ ಕಡೆಯಿಂದ ಹುಟ್ಟಿ ಕಲ್ಸಂಕ, ನಮ್ಮ ಬೈಲಕೆರೆ, ಮಠದಬೆಟ್ಟು, ನಿಟ್ಟೂರು, ಕೊಡವೂರು ಆಗಿ ಮಲ್ಪೆ ಹತ್ರ ಹೊಳೆ ಸೇರ್ತದೆ. ಈಗಿನ ಮಕ್ಕಳು ಅದನ್ನು ಚರಂಡಿ ಅಂತ ತಿಳ್ಕೊಂಡಿದ್ದಾರೆ. ಅದು ನದಿ. ಅದರ ಬದಿಯ ಗದ್ದೆಗಳಲ್ಲಿ ಬೆಳೆ ತೆಗೀತಿದ್ರು, ನಮ್ಮ ಅಜ್ಜಿ ಅಲ್ಲಿ ಬಟ್ಟೆ ಒಗೀತಿದ್ರು. ಪೇಟೆ ಬೆಳೀತಾ ಕೊಳಚೆ ನೀರು ಅದಕ್ಕೆ ಸೇರಿ ಮಠದಬೆಟ್ಟು, ನಿಟ್ಟೂರು, ಕೊಡವೂರು ಕಡೆಯ ಎಷ್ಟೋ ಬಾವಿ ಹಾಳಾಯ್ತು. ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕ ಉಂಟು, ಆದ್ರೆ ಪೈಪಿಗೆ ಸೇರದೆ ನೇರ ತೋಡಿಗೆ ಬಿಡುವ ಕಟ್ಟಡ ಇರುವಷ್ಟು ದಿನ ಘಟಕ ಒಂದೇ ಎಂತ ಮಾಡ್ಲಿಕ್ಕೆ ಸಾಧ್ಯ.

2020 ಸೆಪ್ಟೆಂಬರ್ 20ರ ನೆರೆ ನೋಡಿದವರು ಯಾರೂ ಮರೆಯುವುದಿಲ್ಲ. ಒಂದೇ ರಾತ್ರಿಯ ಮಳೆ, ಬೆಳಗ್ಗೆ ಎದ್ದು ನೋಡುವಾಗ ಕಲ್ಸಂಕ, ಬೈಲಕೆರೆ, ಕೃಷ್ಣ ಮಠದ ಹಿಂದಿನ ಪಾರ್ಕಿಂಗ್ ಜಾಗ ಎಲ್ಲ ಒಂದೇ ನೀರು, ದೋಣಿ ತಂದು ಜನರನ್ನು ಹೊರಗೆ ಕರ್ಕೊಂಡು ಬಂದದ್ದು. ಮಳೆ ಜಾಸ್ತಿ ಬಂದದ್ದು ಹೌದು, ಆದ್ರೆ ಬೈಲು ಅಂದ್ರೆ ನೀರು ನಿಲ್ಲುವ ಜಾಗ, ಅದಕ್ಕೆ ಮಣ್ಣು ತುಂಬಿಸಿ ಕಟ್ಟಡ ಮಾಡಿದ್ರೆ ನೀರು ಮನೆಯೊಳಗೆ ಬರದೆ ಇನ್ನೆಲ್ಲಿಗೆ ಹೋಗ್ತದೆ? ಹಾಗಾಗಿ ಮೇಡಂ, ನಿಮ್ಮ ಮನೆ ಎತ್ತರದಲ್ಲಿ ಉಂಟು, ನಿಮಗೆ ನೆರೆ ಹೆದರಿಕೆ ಇಲ್ಲ, ಆದ್ರೆ ನಿಮ್ಮ ಅಂಗಳದ ನೀರು ಇಳಿದು ಬರುವುದು ಯಾರದ್ದೋ ಅಂಗಳಕ್ಕೆ. ಇಡೀ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸ್ಬೇಡಿ, ಸ್ವಲ್ಪ ಮಣ್ಣು ಬಿಡಿ, ಮಾಡಿನ (ಛಾವಣಿಯ) ನೀರನ್ನು ಬಾವಿ ಹತ್ರ ಇಂಗಿಸಿ. ಇದು ನನ್ನ ಕೈಮುಗಿದು ವಿನಂತಿ.

ವಡಭಾಂಡೇಶ್ವರ:

ನೆರೆ, ಕೋರ್ಟು ಎಲ್ಲ ಹೇಳಿ ಅಕ್ಕನಿಗೆ ಹೆದರಿಕೆ ಮಾಡಿದ್ರಿ ಮಾರಾಯ್ರೆ, ಅವರು ಅಷ್ಟಮಿಯೂ ಕೇಳಿದ್ದಾರೆ, ಅದನ್ನು ನಾನು ಹೇಳ್ತೇನೆ.

ಅಕ್ಕ, ದೊಡ್ಡ ರಶ್ ಆಗುವುದು ಅಷ್ಟಮಿಯ ಮರುದಿನ, ವಿಟ್ಲಪಿಂಡಿಗೆ. ಮಣ್ಣಿನ ಕೃಷ್ಣನನ್ನು ಚಿನ್ನದ ರಥದಲ್ಲಿ ಇಟ್ಟು ರಥಬೀದಿಯಲ್ಲಿ ಎಳೀತಾರೆ, ಸುತ್ತ ಮರದ ಗುರ್ಜಿಯಲ್ಲಿ ಮಡಕೆ ಕಟ್ಟಿರ್ತಾರೆ, ಗೊಲ್ಲರ ವೇಷದವರು ಮೊಸರು ಕುಡಿಕೆ ಒಡೀತಾರೆ, ಆಮೇಲೆ ಮಧ್ವ ಸರೋವರದಲ್ಲಿ ವಿಸರ್ಜನೆ. ಅದು ಮಧ್ಯಾಹ್ನದ ಮೇಲೆ. ಅತ್ತೆಯವರನ್ನು ಆ ಹೊತ್ತಿಗೆ ಕರ್ಕೊಂಡು ಬರ್ಬೇಡಿ, ಅವತ್ತೇ ಬೆಳಗ್ಗೆ ಬೇಗ ಬನ್ನಿ, ಗುರ್ಜಿ ನಿಲ್ಲಿಸಿ ಆಗಿರ್ತದೆ, ಅಲಂಕಾರ ಇರ್ತದೆ, ಹುಲಿವೇಷದವರು ಪೇಟೆಯಲ್ಲಿ ತಾಸೆ ಬಡಿತಾ ತಿರುಗಲಿಕ್ಕೆ ಶುರು ಮಾಡಿರ್ತಾರೆ, ಸಮಾಧಾನದಲ್ಲಿ ನೋಡಿ ಬಿಸಿಲೇರುವ ಮೊದಲು ಮನೆಗೆ ಹೋಗ್ಬಹುದು. ರಥ ಎಳೆಯುವುದು ನೋಡ್ಲೇಬೇಕು ಅಂತಿದ್ರೆ ಜನವರಿಯ ಸಪ್ತೋತ್ಸವಕ್ಕೆ ಬನ್ನಿ, ಮಕರ ಸಂಕ್ರಾಂತಿ ರಾತ್ರಿ ಮೂರು ತೇರು, ಮರುದಿನ ಹಗಲು ತೇರು. ಹಗಲು ತೇರಿಗೆ ವಯಸ್ಸಾದವರು ತುಂಬಾ ಜನ ಬರ್ತಾರೆ. ಕಾರ್ತಿಕದಲ್ಲಿ ಲಕ್ಷದೀಪೋತ್ಸವ ಉಂಟು, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಚಂದ ಅದೇ.

ಪರ್ಯಾಯ, ಅಂದ್ರೆ ಕೃಷ್ಣನ ಪೂಜೆಯ ಜವಾಬ್ದಾರಿ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವುದು, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ. 2026ರಲ್ಲಿ ಶಿರೂರು ಮಠದ್ದು, 2028ರಲ್ಲಿ ಸೋದೆ ಮಠದ್ದು. ಹಿಂದಿನ ರಾತ್ರಿಯಿಡೀ ಊರು ಮಲಗುವುದಿಲ್ಲ, ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡ್ತದೆ. ಅದಕ್ಕೂ ಮೊದಲು ಹೊರೆಕಾಣಿಕೆ ಮೆರವಣಿಗೆಗಳು ಶುರುವಾಗ್ತದೆ, ಊರೂರಿನವರು ಅಕ್ಕಿ ತೆಂಗಿನಕಾಯಿ ತರಕಾರಿ ತುಂಬಿಸಿಕೊಂಡು ಬರುವುದು, ನಿಮ್ಮನ್ನು ಕಲ್ಸಂಕದಲ್ಲಿ ನಿಲ್ಲಿಸಿದ್ದು ಇಂಥದ್ದೇ ಒಂದು ಮೆರವಣಿಗೆ ಇರ್ಬಹುದು. ಪೊಲೀಸರು ಬದಲಿ ರಸ್ತೆ ಪ್ರಕಟಣೆ ಮೊದಲೇ ಕೊಡ್ತಾರೆ, ಉದಯವಾಣಿಯ ಸುದಿನ ಪುಟ ದಿನಾ ನೋಡಿದ್ರೆ ಸಾಕು, ವಾಟ್ಸಾಪಲ್ಲಿ ಬರುವುದು ಕೆಲವು ಸಲ ಹಿಂದಿನ ವರ್ಷದ್ದಿರ್ತದೆ. ಪರ್ಯಾಯ ಮುಗಿದ ಬೆಳಗ್ಗೆ ರಥಬೀದಿಗೆ ಹೋಗಿ ನೋಡಿ, ಲಕ್ಷ ಜನ ನಡೆದ ಬೀದಿಯನ್ನು ಪೌರಕಾರ್ಮಿಕರು ಎಷ್ಟು ಬೇಗ ಗುಡಿಸಿ ತೊಳೀತಾರೆ ಅಂತ. ವೇದಿಕೆಯಲ್ಲಿ ಎಲ್ರಿಗೂ ಶಾಲು ಹಾಕ್ತಾರೆ, ಮೊದಲ ಶಾಲು ಅವರಿಗೆ ಸಲ್ಲಬೇಕು ಅಂತ ನನ್ನ ಅಭಿಪ್ರಾಯ.

ನಮ್ಮ ಮಲ್ಪೆಗೂ ಬನ್ನಿ. ಜೂನ್ 1ರಿಂದ ಜುಲೈ 31ರ ವರೆಗೆ ದೊಡ್ಡ ಬೋಟು ಕಡಲಿಗಿಳಿಯುವುದಿಲ್ಲ, ಸೈಂಟ್ ಮೇರೀಸ್ ದ್ವೀಪಕ್ಕೂ ಮಳೆಗಾಲದಲ್ಲಿ ಬೋಟಿಲ್ಲ, ಬೀಚಿಗೆ ಬಲೆ ಕಟ್ಟಿರ್ತಾರೆ, ದಯವಿಟ್ಟು ಮಕ್ಕಳನ್ನು ಅದು ದಾಟಿ ಬಿಡ್ಬೇಡಿ. ರಜೆ ಮುಗಿದು ಸಮುದ್ರ ಪೂಜೆ ಆಗ್ತದೆ, ಬಲರಾಮ ದೇವಸ್ಥಾನದಿಂದ ಮೆರವಣಿಗೆಯಲ್ಲಿ ಹೋಗಿ ಕಡಲಿಗೆ ಹಾಲು ಹೂ ಬಿಡುವುದು, ಅದು ಟೂರಿಸ್ಟಿಗೆ ಅಂತ ಮಾಡುವುದಲ್ಲ, ನಮ್ಮವರ ಜೀವದ ಪ್ರಶ್ನೆ.

ಹಾಸನದವಳು:

ಇಷ್ಟೆಲ್ಲ ಹೇಳ್ತೀರ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಕಾಗದ ತೆಗೆದು ನೋಡಿದ್ವಿ, 9/11 ಇದೆ, ಪಂಚಾಯತ್ತೇ. ಪಕ್ಕದ ಮನೆ ಆಂಟಿ ಹತ್ರ ಕೇಳಿದೆ, ಮುಂದಿನ ಗ್ರಾಮಸಭೆಗೆ ಕರ್ಕೊಂಡು ಹೋಗ್ತೀನಿ ಅಂದ್ರು. ಅತ್ತೆಗೆ ಹಗಲು ತೇರು ವಿಷಯ ಓದಿ ಹೇಳಿದೆ, ಜನವರಿ ಯಾವಾಗ ಬರುತ್ತೆ ಅಂತ ಈಗಲೇ ಕೇಳ್ತಿದಾರೆ. ನೀರಿಂದು ಮಾತ್ರ ಯಾರೂ ಹೇಳಿಲ್ಲ.

ಬೈಲಕೆರೆ:

ಹೌದಲ್ಲ. ಉಡುಪಿ ಪೇಟೆಗೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ, ಹತ್ತಿರದ ಕೆಲವು ಪಂಚಾಯತ್‌ಗಳಿಗೂ ಅದೇ ನೀರು ಕೊಡ್ತಾರೆ. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆ ಮೇ ತಿಂಗಳಲ್ಲಿ ಬಂಡೆ ಬಂಡೆ ಕಾಣ್ತದೆ. 2019ರ ಬೇಸಿಗೆಯಲ್ಲಿ ಬಜೆ ತಳ ಕಂಡು, ನದಿಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪ್ ಹಾಕಿ ಅಣೆಕಟ್ಟಿನ ಕಡೆ ಹಾಯಿಸಿದ್ರು, ಮನೆಗಳಿಗೆ ಸರದಿಯಲ್ಲಿ ನೀರು. 2023ರಲ್ಲಿ ಮುಂಗಾರು ತಡ ಆಗಿ ಮತ್ತೆ ತತ್ವಾರ. ವಾರಾಹಿಯಿಂದ ಪೈಪ್‌ಲೈನ್ ಅದಕ್ಕೆ ಅಂತಲೇ ಮಾಡಿದ್ದು.

ನಿಮಗೆ ಬಾವಿ ಇರುವುದು ಪುಣ್ಯ. ಮನೆ ಹಳೇದು ಅಂದ್ರಲ್ಲ, ಏಪ್ರಿಲ್ ಕೊನೆಗೆ ನೀರು ಕಮ್ಮಿ ಆದಾಗ ಬಾವಿಯ ಕೆಸರು ತೆಗೆಸಿ, ಆ ಕೆಲಸ ಗೊತ್ತಿರುವವರನ್ನೇ ಕರೀರಿ, ಹಗ್ಗ ಕಟ್ಟಿ ಇಳಿಯುವ ಕೆಲಸ, ಮೊದಲು ದೀಪ ಇಳಿಸಿ ಗಾಳಿ ಉಂಟಾ ನೋಡಿಯೇ ಇಳೀಬೇಕು. ಆಮೇಲೆ ನೀರು ಪರೀಕ್ಷೆ ಮಾಡಿಸಿ, ಪಂಚಾಯತಿನಲ್ಲಿ ಕೇಳಿದ್ರೆ ಎಲ್ಲಿ ಕೊಡ್ಬೇಕು ಹೇಳ್ತಾರೆ. ಶೌಚದ ಗುಂಡಿ ಬಾವಿಯಿಂದ ಎಷ್ಟು ದೂರ ಉಂಟು ಅಂತ ಈ ವಾರವೇ ನೋಡಿ. ಹತ್ತಿರ ಇದ್ರೆ ಬೇಸಿಗೆ ತನಕ ಕಾಯ್ಬೇಡಿ.