ಗ್ರೀಸ್‌ನ ಕವಾಲಾ ಊರಿಗೂ ಥಾಸೊಸ್ ದ್ವೀಪಕ್ಕೂ ಪ್ರೈವೇಟ್ ಜೆಟ್‌ನಲ್ಲಿ ಹೋಗಬಹುದಾ? ಅಪ್ಪನಿಗಾಗಿ ಕೇಳುತ್ತಿದ್ದೇನೆ

ಇಳಕಲ್ ಮಗಳು

ಎಲ್ಲರಿಗೂ ನಮಸ್ಕಾರ. ನಾವಿರೋದು ಮ್ಯೂನಿಕ್‌ನಲ್ಲಿ. ಜೂನ್‌ನಲ್ಲಿ ಅಪ್ಪ ಊರಿಂದ ಬರುತ್ತಿದ್ದಾರೆ. ವಯಸ್ಸು 74, ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ. ನಲವತ್ತು ವರ್ಷ ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲೇ ದುಡಿದವರು. ಗ್ರೀಸ್‌ನ ಥಾಸೊಸ್ ಬಿಳಿ ಮಾರ್ಬಲ್ ಬಗ್ಗೆ ನಮಗೆ ಚಿಕ್ಕಂದಿನಿಂದ ಹೇಳುತ್ತಿದ್ದರು, "ಅದರಾಗ ಒಂದ್ ಗೆರಿ ಇರಂಗಿಲ್ಲ ನೋಡವಾ" ಅಂತ. ಆ ಕಲ್ಲು ಹುಟ್ಟುವ ಜಾಗವನ್ನು ಅವರಿಗೆ ತೋರಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಹೋದ ಸಲ ಬರುವಾಗ ನಡುವೆ ವಿಮಾನ ಬದಲಿಸುವ ಕಡೆ ವೀಲ್‌ಚೇರ್‌ಗೆ ಕಾದೂ ಕಾದೂ ಮುಂದಿನ ವಿಮಾನವೇ ತಪ್ಪಿಹೋಯಿತು, ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತಿದ್ದರು ಅಪ್ಪ. ಅದು ಮತ್ತೆ ಆಗಬಾರದು. ಎರಡು ಮನೆಯವರು ಸೇರಿ ಏಳು ಜನ ಇದ್ದೇವೆ, ಚಿಕ್ಕ ಜೆಟ್ ಒಂದನ್ನು ಬಾಡಿಗೆಗೆ ತಗೊಂಡು ನೇರ ಕವಾಲಾಗೆ ಇಳಿದು ಅಲ್ಲಿಂದ ದ್ವೀಪಕ್ಕೆ ಹೋದರೆ ಹೇಗೆ? ಯಾರಾದರೂ ಮಾಡಿದ್ದೀರಾ? ದುಡ್ಡು ಕೂಡಿಸಿಟ್ಟಿದ್ದೇವೆ, ಆದರೆ ಸುಮ್ನೆ ಸುರಿಯೋಕೆ ಮನಸ್ಸಿಲ್ಲ.

ರನ್‌ವೇ ಪಕ್ಕ

ಅಕ್ಕಾ, ನಾನು ಯುರೋಪಿನ ಒಂದು ವಿಮಾನ ನಿಲ್ದಾಣದಲ್ಲಿ ಇಂಥ ಚಾರ್ಟರ್ ವಿಮಾನಗಳನ್ನೇ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನೇರವಾಗಿ ಹೇಳುತ್ತೇನೆ, ನಿಮ್ಮ ಅಪ್ಪನ ಮೊಣಕಾಲಿಗೆ ಚಿಕ್ಕ ಜೆಟ್ ಒಳ್ಳೆಯದಲ್ಲ.

ಏಳು ಜನಕ್ಕೆ ಅಂತ ಕೇಳಿದರೆ ಫೀನಮ್ 300 ಅಥವಾ ಸೈಟೇಷನ್ ಸಿಜೆ3 ಥರದ ಚಿಕ್ಕ ಜೆಟ್ ತೋರಿಸುತ್ತಾರೆ. ಮ್ಯೂನಿಕ್‌ನಿಂದ ಕವಾಲಾಗೆ ಹೆಚ್ಚುಕಡಿಮೆ 1,300 ಕಿಲೋಮೀಟರ್, ಎರಡು ಗಂಟೆ ಹಾರಾಟ. ಅಷ್ಟು ದೂರಕ್ಕೆ ಈ ವಿಮಾನ ಸಾಕು. ಆದರೆ ಒಳಗೆ ಎತ್ತರ ಒಂದೂವರೆ ಮೀಟರ್ ಅಷ್ಟೇ. ನೆಟ್ಟಗೆ ನಿಲ್ಲೋಕೆ ಆಗಲ್ಲ. ಬಾಗಿಲ ಮೆಟ್ಟಿಲು ಕಡಿದಾಗಿರುತ್ತದೆ, ಅದನ್ನು ಹತ್ತಿದ ಮೇಲೆ ಬೆನ್ನು ಬಗ್ಗಿಸಿ, ಮೊಣಕಾಲು ಮಡಚಿಕೊಂಡೇ ಸೀಟಿನವರೆಗೆ ಹೋಗಬೇಕು. ವಯಸ್ಸಾದವರು ಆ ಬಾಗಿಲಲ್ಲಿ ಒಂದು ಕೈ ಮೆಟ್ಟಿಲ ಪಕ್ಕದ ಹಗ್ಗದ ಮೇಲೆ, ಇನ್ನೊಂದು ಕೈ ಮಗನ ಭುಜದ ಮೇಲೆ ಇಟ್ಟು ಹಾಗೇ ನಿಂತುಬಿಡೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಲೆ ತಗ್ಗಿಸದೆ ನಡೆಯಬೇಕು ಅಂದರೆ ಇನ್ನೂ ದೊಡ್ಡ ಜೆಟ್ ಬೇಕು, ಬಾಡಿಗೆ ಅಲ್ಲೇ ಜಾಸ್ತಿ ಆಗುತ್ತದೆ. ಬಾಡಿಗೆ ಇಡೀ ವಿಮಾನಕ್ಕೆ, ತಲೆಗಿಷ್ಟು ಅಂತಲ್ಲ. ನಿಮ್ಮನ್ನು ಇಳಿಸಿ ಖಾಲಿ ವಾಪಸ್ ಹೋಗುವ ಖರ್ಚೂ ಸಾಮಾನ್ಯವಾಗಿ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಬೇಸಿಗೆಯಲ್ಲಿ ಜರ್ಮನಿಯ ಕೆಲವು ಊರುಗಳಿಂದ ಕವಾಲಾಗೆ ಮಾಮೂಲಿ ವಿಮಾನವೇ ನೇರ ಹೋಗುತ್ತದೆ. ಮೊದಲು ಅದನ್ನು ನೋಡಿ. ಯುರೋಪಿಯನ್ ಯೂನಿಯನ್ನಿನ ನಿಯಮದ ಪ್ರಕಾರ 48 ಗಂಟೆ ಮುಂಚೆ ಹೇಳಿದರೆ ವೀಲ್‌ಚೇರ್ ನೆರವು ಪುಕ್ಕಟೆ ಕೊಡಲೇಬೇಕು. ಬುಕ್ ಮಾಡುವಾಗ "ಮೆಟ್ಟಿಲು ಹತ್ತೋಕೆ ಆಗಲ್ಲ" ಅಂತ ಬಿಡಿಸಿ ಬರೆಸಿ, ಬರೀ "ವೀಲ್‌ಚೇರ್ ಬೇಕು" ಅಂದರೆ ಸಾಲದು. ಹಾಗೆ ಬರೆಸಿದರೆ ಕುರ್ಚಿ ಸಮೇತ ವಿಮಾನದ ಬಾಗಿಲಿನವರೆಗೆ ಎತ್ತುವ ಗಾಡಿ ಬರುತ್ತದೆ. ನೇರ ವಿಮಾನ ಅಂದಮೇಲೆ ನಡುವೆ ಇಳಿದು ಹತ್ತೋದೂ ಇಲ್ಲ, ಅಲ್ವಾ?

ಇಷ್ಟಾದ ಮೇಲೂ ಜೆಟ್ಟೇ ಬೇಕು ಅಂದರೆ ಈಗಲೇ ಮಾತಾಡಿ. ಬೇಸಿಗೆಯಲ್ಲಿ ಗ್ರೀಸ್ ಕಡೆ ಇಳಿಯುವ ಸಮಯಕ್ಕೂ ವಿಮಾನ ನಿಲ್ಲಿಸುವ ಜಾಗಕ್ಕೂ ಬಹಳ ಒತ್ತಡ ಇರುತ್ತದೆ.

ಉಪ್ಪುಗಾಳಿ

ನಾನು ಥಾಸೊಸ್‌ಗೆ ಎರಡು ಸಲ ಹೋಗಿದ್ದೇನೆ. ದ್ವೀಪದಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಯಾವ ಜೆಟ್‌ನಲ್ಲಿ ಬಂದರೂ ಕೊನೆಗೆ ಫೆರ‍್ರಿಯನ್ನೇ ಹತ್ತಬೇಕು. ಕಾರು ಸಮೇತ ಹತ್ತಬಹುದು, ಹಾಗಾಗಿ ಕಷ್ಟ ಇಲ್ಲ.

ಕವಾಲಾದ ವಿಮಾನ ನಿಲ್ದಾಣ ಇರೋದು ಊರಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಅದರ ಹತ್ತಿರವೇ ಕೆರಮೊಟಿ ಅಂತ ಸಣ್ಣ ಬಂದರು. ಅಲ್ಲಿಂದ ಥಾಸೊಸ್‌ನ ಮುಖ್ಯ ಊರು ಲಿಮೆನಾಸ್‌ಗೆ ಫೆರ‍್ರಿ ನಲವತ್ತು ನಿಮಿಷ. ದಾರಿಯುದ್ದಕ್ಕೂ ಕಡಲಹಕ್ಕಿಗಳು ಬಿಸ್ಕತ್ತಿಗೆ ಕೈವರೆಗೂ ಬರುತ್ತವೆ. ಕವಾಲಾ ಬಂದರಿಂದಲೂ ದ್ವೀಪದ ಪ್ರಿನೊಸ್‌ಗೆ ಫೆರ‍್ರಿ ಇದೆ. ಹಾಗಾಗಿ ಇಳಿದ ತಕ್ಷಣ ಕವಾಲಾಗೆ ಹೋಗಿ ಎರಡು ರಾತ್ರಿ ಇದ್ದು, ಪ್ರಿನೊಸ್‌ಗೆ ದಾಟಿ, ವಾಪಸ್ ಬರುವಾಗ ಲಿಮೆನಾಸ್‌ನಿಂದ ಕೆರಮೊಟಿಗೆ ಬಂದರೆ ಹೋದ ದಾರಿಯಲ್ಲೇ ತಿರುಗಿ ಬರೋದು ತಪ್ಪುತ್ತದೆ.

ಕವಾಲಾದಲ್ಲಿ ಹಳೇ ಊರು ಪನಾಯಿಯಾ ಪೂರ್ತಿ ಏರು, ಕಲ್ಲುಹಾಸು. ಅಪ್ಪನಿಗೆ ಬೇಡ. ಊರಿಗೆ ನೀರು ತರುತ್ತಿದ್ದ 16ನೇ ಶತಮಾನದ ಕಮಾನು ಸೇತುವೆ ಕೆಳಗಿನ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ, ಅದರ ಬುಡದಲ್ಲೇ ಕಾರಲ್ಲಿ ಹೋಗಬಹುದು.

ಈಗ ಕಲ್ಲಿನ ವಿಷಯ. ದ್ವೀಪದ ದಕ್ಷಿಣದ ಆಲಿಕಿಯಲ್ಲಿ ಸಮುದ್ರದ ಅಂಚಿಗೇ ಪುರಾತನ ಕ್ವಾರಿ ಇದೆ. ನೀರಿನ ಮಟ್ಟದವರೆಗೆ ಕಡಿದು ತೆಗೆದಿದ್ದಾರೆ. ಕಲ್ಲಿನ ದಿಮ್ಮಿ ಬಿಡಿಸಲು ಕೊರೆದ ಕಾಲುವೆಗಳು ಇನ್ನೂ ಹಾಗೇ ಇವೆ, ಅಲೆ ಬಂದಾಗ ಅದರಲ್ಲಿ ನೀರು ತುಂಬುತ್ತದೆ, ಒಣಗಿದ ಕಡೆ ಉಳಿ ಏಟಿನ ಗೆರೆಗಳಲ್ಲಿ ಬೆಳ್ಳಗೆ ಉಪ್ಪು ಕೂತಿರುತ್ತದೆ. ಬೆರಳಿಟ್ಟು ನೋಡಿದರೆ ಏಟು ಯಾವ ಕಡೆಯಿಂದ ಬಿತ್ತು ಅಂತಲೂ ಗೊತ್ತಾಗುತ್ತದೆ. ಆದರೆ ಅಲ್ಲಿಗೆ ಕಾಲುದಾರಿ, ಕಲ್ಲೂ ಏರಿಳಿತವೂ ಜಾಸ್ತಿ. ಅಪ್ಪನಿಗೆ ಆಗದಿದ್ದರೆ ಕೆಳಗಿನ ಬೀಚಿನವರೆಗೆ ಮಾತ್ರ ಕರೆದುಕೊಂಡು ಹೋಗಿ.

ಲಿಮೆನಾಸ್ ಮ್ಯೂಸಿಯಂ ಮಾತ್ರ ತಪ್ಪಿಸಬೇಡಿ. ಅಲ್ಲಿ ಎದೆಗೆ ಟಗರುಮರಿ ಅವಚಿಕೊಂಡ ಯುವಕನ ಮೂರ್ತಿ ಇದೆ. ಮೂರೂವರೆ ಮೀಟರ್ ಎತ್ತರ, ಕ್ರಿಸ್ತಪೂರ್ವ 600ರ ಆಸುಪಾಸಿನದು. ಕೆತ್ತುವಾಗ ಕಿವಿಯ ಹತ್ತಿರ ಬಿರುಕು ಕಂಡದ್ದರಿಂದ ಅರ್ಧಕ್ಕೇ ಬಿಟ್ಟರು ಅಂತ ಹೇಳುತ್ತಾರೆ.

ಬೇಳೆಸಾರು

ಸಸ್ಯಾಹಾರಿಗಳಾ? ಹಾಗಿದ್ದರೆ ಹೋಟೆಲಲ್ಲಿ "ನಿಸ್ತಿಸಿಮೊ" ಅನ್ನಿ, ಅಲ್ಲಿನವರ ಉಪವಾಸದ ಊಟ. ಮಾಂಸ, ಮೊಟ್ಟೆ, ಹಾಲು ಇರಲ್ಲ. ಆದರೆ ಸಿಗಡಿ, ಸ್ಕ್ವಿಡ್ ಉಪವಾಸಕ್ಕೂ ನಡೆಯುತ್ತದೆ, ಅದನ್ನು ಬೇರೆಯಾಗಿ ಕೇಳಿಕೊಳ್ಳಿ. ಟೊಮೇಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು, ಯಿಗಾಂಡೆಸ್ ಅಂತಾರೆ, ಅಪ್ಪನಿಗೆ ಖಂಡಿತ ಹಿಡಿಸುತ್ತದೆ. ಕವಾಲಾ ಪಕ್ಕದ ನೆಯಾ ಕರ್ವಾಲಿಯ ಬಾದಾಮಿ ಕುರಾಬಿಯೆದೆಸ್ ತಗೊಳ್ಳಿ, ನಮ್ಮ ನಾನ್‌ಖಟಾಯಿ ಥರ ಬಾಯಲ್ಲಿ ಕರಗುತ್ತದೆ.

ಇಳಕಲ್ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜೆಟ್ ಬಿಟ್ಟೆವು. ನೇರ ವಿಮಾನ ನೋಡುತ್ತಿದ್ದೇವೆ, ಉಳಿದ ದುಡ್ಡಲ್ಲಿ ಎತ್ತರದ ಸೀಟಿನ ದೊಡ್ಡ ಕಾರು ತಗೊಂಡು ದ್ವೀಪದಲ್ಲಿ ಎರಡು ದಿನ ಜಾಸ್ತಿ ಇರುತ್ತೇವೆ.

ರಾತ್ರಿ ಫೋನಲ್ಲಿ ಅಪ್ಪನಿಗೆ ಆ ಮೂರ್ತಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಿರುಕು ಒಮ್ಮಿಗೇ ಬರಂಗಿಲ್ಲವಾ, ಕಲ್ಲಾಗ ಮೊದಲ ಇರ್ತದ. ಬಡದ್ರ ಸಪ್ಪಳ ಬ್ಯಾರೆ ಬರ್ತದ. ಅದರ ಫೋಟೋ ಇದ್ರ ಕಳಸು" ಅಂದರು. ಉಪ್ಪುಗಾಳಿ ಅವರೇ, ಕಿವಿಯ ಪಕ್ಕದಿಂದ ತೆಗೆದ ಫೋಟೋ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಹಾಕಿ.