ಗೇಮ್ ಪೂರ್ತಿ ಬಿಡಬೇಕಾ, ಲಿಮಿಟ್ ಹಾಕಿಕೊಂಡರೆ ಸಾಕಾ? ಅನುಭವ ಇದ್ದವರು ಹೇಳಿ

ಸಿಂಧನೂರು ಹುಡುಗ
ರಾಯಚೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ರಾತ್ರಿ ಊಟ ಆದ ಮೇಲೆ ಬಿಜಿಎಂಐಗೆ (ಮೊಬೈಲ್‌ನ ಶೂಟಿಂಗ್ ಗೇಮ್) ಕೂತರೆ ಎರಡೂವರೆ ಆಗುತ್ತದೆ. ಸ್ಕ್ವಾಡ್‌ನಲ್ಲಿ ಉಳಿದ ಮೂವರೂ ಪಿಯುಸಿ ಗೆಳೆಯರು. ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದಾರೆ, ಮಾತಾಡುವುದು ಅಲ್ಲೇ. ಮೂರನೇ ಸೆಮ್‌ನಲ್ಲಿ ಎರಡು ವಿಷಯ ಬ್ಯಾಕ್ (ಫೇಲ್) ಆಗಿವೆ. ಹಾಜರಿ 85% ಬೇಕು, ನನ್ನದು 78. ಪೂರ್ತಿ ಬಿಡಬೇಕಾ, ದಿನಕ್ಕೆ ಒಂದು ಗಂಟೆ ಅಂತ ಮಾಡಿಕೊಂಡರೆ ಆಗುತ್ತಾ?

ಬಳ್ಳಾರಿ ಕೋಟೆ
ತಮ್ಮಾ, ಪೂರ್ತಿ ಬಿಡು. ನನ್ನ ಲೆಕ್ಕ ಕೇಳು. 2021ರ ಜುಲೈನಲ್ಲಿ ಬಿಜಿಎಂಐ ಬಂದಾಗಿನಿಂದ 2023ರ ಡಿಸೆಂಬರ್‌ವರೆಗೆ ಯುಸಿಗೆ, ಅಂದರೆ ಗೇಮಿನೊಳಗಿನ ದುಡ್ಡಿಗೆ, ಹಾಕಿದ್ದು 41,360 ರೂಪಾಯಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಸಾಲು ಕೂಡಿಸಿದೆ. ಎಲ್ಲಾ 380, 750 ಅಂತ ಸಣ್ಣ ಸಣ್ಣದು, ಅದಕ್ಕೇ ಗೊತ್ತಾಗಲಿಲ್ಲ. ಕ್ರೇಟ್ ಅನ್ನುವ ಅದೃಷ್ಟದ ಪೆಟ್ಟಿಗೆಯಲ್ಲಿ ಗ್ಲೇಸಿಯರ್ ಎಂ416 ಅನ್ನುವ ಬಂದೂಕಿನ ಸ್ಕಿನ್ (ಅಂದದ ಹೊದಿಕೆ) ಬರಲಿ ಅಂತ ಒಂದೇ ರಾತ್ರಿ ಒಂಬತ್ತು ಸಲ 750 ಹಾಕಿದೆ. ಬರಲಿಲ್ಲ. ಅದು ಪರೀಕ್ಷೆ ಫೀಸಿಗೆ ಅಂತ ಅಪ್ಪ ಕಳಿಸಿದ್ದ ದುಡ್ಡು. ಅಪ್ಪ ಇಲ್ಲೇ ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್, ದಿನವೆಲ್ಲಾ ನಿಂತೇ ಕೆಲಸ.

2022ರ ಜುಲೈ ಕೊನೆಗೆ ಗೇಮನ್ನು ಸ್ಟೋರ್‌ನಿಂದ ತೆಗೆದರಲ್ಲ, ಆಗಲೇ ಬಿಡಬೇಕಿತ್ತು. ಫೋನಿನಲ್ಲಿ ಇದ್ದದ್ದು ನಡೆಯುತ್ತಿತ್ತು, ಆಡುತ್ತಲೇ ಇದ್ದೆ. ಕೊನೆಗೆ ನನ್ನ ಗೇಮ್ ಐಡಿ (ಅಕೌಂಟ್) ಮಾರಿದೆ. 9,000ಕ್ಕೆ ಮಾತಾಯಿತು. 2,000 ಮುಂಗಡ ಬಂತು, ಲಾಗಿನ್ ಕೊಟ್ಟ ಮೇಲೆ ಕೊಂಡವನು ನನ್ನನ್ನು ಬ್ಲಾಕ್ ಮಾಡಿದ. ಐಡಿ ಮಾರುವುದೇ ನಿಯಮಕ್ಕೆ ವಿರುದ್ಧ. ಯಾರ ಹತ್ತಿರ ಹೋಗಿ ಹೇಳಲಿ?

ಒಂದು ಗಂಟೆ ಅನ್ನುವುದು ಆಗದ ಮಾತು. ನೂರು ಜನ ಇಳಿದು ಕೊನೆಗೆ ಉಳಿದವರು ಗೆಲ್ಲುವ ಒಂದು ಕ್ಲಾಸಿಕ್ ಮ್ಯಾಚಿಗೇ ಅರ್ಧ ಗಂಟೆ ಹೋಗುತ್ತದೆ. ಎರಡನೇದರಲ್ಲಿ ಕೊನೆಯ ಹತ್ತರೊಳಗೆ ಬಂದು ಸತ್ತರೆ ಯಾರಿಗೆ ನಿದ್ದೆ ಬರುತ್ತೆ?

ಗಂಗಾವತಿ ಗೈರೋ
ದುಡ್ಡು ಹಾಕಿದ್ದು ನೀವು, ಬೈಯುವುದು ಗೇಮಿಗಾ? ಪಬ್‌ಜಿ (ಬಿಜಿಎಂಐಗೆ ಮುಂಚಿನ ಗೇಮ್) ಕಾಲದಿಂದ ಆಡುತ್ತಿದ್ದೇನೆ. 2020ರ ಸೆಪ್ಟೆಂಬರ್‌ನಲ್ಲಿ ಅದು ಬ್ಯಾನ್ ಆದಾಗ ಅತ್ತವನು ನಾನು. ಆದರೆ ಯುಸಿಗೆ ಒಂದು ರೂಪಾಯಿ ಹಾಕಿಲ್ಲ. ಎರಡು ಸೀಸನ್ ಕಾಂಕರರ್ (ಎಲ್ಲಕ್ಕಿಂತ ಮೇಲಿನ ರ್ಯಾಂಕ್) ಆಗಿದ್ದೇನೆ, ಸರ್ವರಿನಲ್ಲಿ ಮೇಲಿನ 500 ಜನಕ್ಕೆ ಮಾತ್ರ ಸಿಗುವುದು ಅದು. ಸ್ಕಿನ್ ಹಾಕಿದರೆ ಗುಂಡಿನ ಏಟು ಜಾಸ್ತಿ ಆಗುವುದಿಲ್ಲ.

ನನಗೆ ಖರ್ಚು ತಂದದ್ದು ಫೋನ್. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ವಾ? ಎರಡನೇ ಮ್ಯಾಚಿಗೆ ಫೋನ್ ಕಾದು ಸೆಕೆಂಡಿಗೆ 60 ಫ್ರೇಮ್ ಇದ್ದದ್ದು 30ಕ್ಕೆ ಇಳಿಯುತ್ತಿತ್ತು. 700 ಕೊಟ್ಟು ಹಿಂದೆ ಕೂಲರ್ ಸಿಕ್ಕಿಸಿದೆ. ಬ್ಯಾಟರಿ ಉಬ್ಬಿತು, 1,850. ಅದು ಡಿಸ್‌ಪ್ಲೇ ಎಬ್ಬಿಸಿತು, 4,200. ಕೊನೆಗೆ 27,000ದ ಫೋನ್ ತೆಗೆದುಕೊಂಡೆ. ಭತ್ತದ ಸುಗ್ಗಿಯಲ್ಲಿ ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆದು ದುಡಿದ ದುಡ್ಡು, ಅಪ್ಪನದಲ್ಲ. ಬಿ.ಕಾಂ. 71% ಬಂತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ (ವಿಡಿಯೊ ಗೇಮ್ ಸ್ಪರ್ಧೆ) ಪದಕ ಇತ್ತು. ಆಡುವವರೆಲ್ಲ ಹಾಳಾದವರು ಅನ್ನಬೇಡಿ.

ಕೊಪ್ಪಳದ ಅಕ್ಕ
ಏಷ್ಯನ್ ಗೇಮ್ಸ್ ಅಂತ ಹೇಳಿ ಹುಡುಗರ ತಲೆ ಕೆಡಿಸಬೇಡಿ ಗೈರೋ ಅವರೇ. ನನ್ನ ತಮ್ಮನೂ ಇದೇ ಮಾತು ಹೇಳುತ್ತಿದ್ದ. ಗವಿಮಠದ ತೇರಿನ ದಿನ ಊರಿಗೆ ಊರೇ ಅಲ್ಲಿದ್ದರೆ ಇವನು ಬಾಗಿಲು ಹಾಕಿಕೊಂಡು ರೂಮಿನಲ್ಲಿದ್ದ. ಇಯರ್ ಬ್ಯಾಕ್ ಆಗಿ ಒಂದು ವರ್ಷ ಹೋಗಿದೆ ಅಂತ ನಮಗೆ ಗೊತ್ತಾಗಿದ್ದು ಐದು ತಿಂಗಳ ಮೇಲೆ.

ನಾನು ಫೋನ್ ಕಿತ್ತುಕೊಂಡೆ. ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ಕಿಟಕಿ ಗಾಜಿಗೆ ಕೈ ಹೊಡೆದ, ಏಳು ಹೊಲಿಗೆ. ಇವತ್ತಿಗೂ ನನ್ನ ಮನಸ್ಸಿನಿಂದ ಅದು ಹೋಗುವುದಿಲ್ಲ. ಆಮೇಲೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಇದಕ್ಕೇ ಅಂತ ಶಟ್ ಕ್ಲಿನಿಕ್ ಅಲ್ಲಿ 2014ರಿಂದ ಇದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ಸಲ. ಇಬ್ಬರದು ಊಟ, ಆಟೋ, ರೂಮು ಸೇರಿ ಸಲಕ್ಕೆ 3,000 ದಾಟುತ್ತಿತ್ತು, ನನ್ನ ರಜೆ ಬೇರೆ. ಸುಮ್ನೆ ಜಾಸ್ತಿ ಆಡಿದರೆ ಕಾಯಿಲೆ ಅಲ್ಲ ಅಂದರು. ಹಿಡಿತ ತಪ್ಪಿ, ಓದು ನಿದ್ದೆ ಎಲ್ಲಾ ಕೆಟ್ಟರೂ ಬಿಡಲಾಗದೆ ಸಾಮಾನ್ಯವಾಗಿ ಒಂದು ವರ್ಷದಷ್ಟು ನಡೆದರೆ ಆಗ ಕಾಯಿಲೆ ಅಂತ ನೋಡುತ್ತಾರಂತೆ.

ಕೊನೆಗೆ ಹೊರಗೆ ಬಂದದ್ದು ಏನು ಗೊತ್ತಾ? ಹತ್ತನೇವರೆಗೆ ಕನ್ನಡ ಮೀಡಿಯಂ ಓದಿದವನು. ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ತಲೆಗೆ ಹೋಗುತ್ತಿರಲಿಲ್ಲ, ಕೇಳಲು ನಾಚಿಕೆ. ಗೇಮಿನಲ್ಲಿ ಮಾತ್ರ ಅವನ ಮಾತಿಗೆ ಮೂರು ಜನ ಓಡುತ್ತಿದ್ದರು.

ಗಂಗಾವತಿ ಗೈರೋ
ಅಕ್ಕ, ನಿಮ್ಮ ತಮ್ಮನ ವಿಷಯ ಓದಿ ಬೇಜಾರಾಯಿತು. ಆದರೆ ನಾನು ಯಾರ ತಲೆಯನ್ನೂ ಕೆಡಿಸಿಲ್ಲ. ನನ್ನ ಜೀವನ ಹೇಳಿದ್ದೇನೆ ಅಷ್ಟೇ.

ಸಿರುಗುಪ್ಪದವನು
ನಿಮ್ಮದೆಲ್ಲ ಸಾವಿರದ ಲೆಕ್ಕ. ನಾನು ಆನ್‌ಲೈನ್ ರಮ್ಮಿಯಲ್ಲಿ 1,83,000 ಕಳೆದಿದ್ದೇನೆ. ಅಕ್ಕನ ಮದುವೆಗೆ ಅಂತ ಮೆಣಸಿನಕಾಯಿ ಮಾರಿ ಇಟ್ಟಿದ್ದರಲ್ಲಿ 60,000 ಹೋಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಆ್ಯಪ್‌ನಲ್ಲಿ ದುಡ್ಡಿನ ಆಟ ನಿಂತ ಮೇಲೆಯೇ ನಾನು ಬಿಟ್ಟಿದ್ದು. ನನ್ನಷ್ಟಕ್ಕೆ ನಾನು ಬಿಡಲಿಲ್ಲ.

ಬಳ್ಳಾರಿ ಕೋಟೆ
ರಮ್ಮಿಯನ್ನು ಇಲ್ಲಿ ಯಾಕೆ ತರುತ್ತೀರಿ? ಅದು ಜೂಜು. ಹುಡುಗ ಕೇಳಿದ್ದು ಗೇಮ್ ಬಗ್ಗೆ.

ಸಿರುಗುಪ್ಪದವನು
ನೀವು ಒಂಬತ್ತು ಸಲ ದುಡ್ಡು ಹಾಕಿ ಕ್ರೇಟ್ ತೆಗೆದದ್ದು ಏನು ಮತ್ತೆ? ಬಂದರೆ ಬಂತು, ಇಲ್ಲಾಂದ್ರೆ ಹೋಯಿತು. ನನಗಾದರೂ ಗೆದ್ದರೆ ದುಡ್ಡು ಬರುತ್ತಿತ್ತು.

ಬಳ್ಳಾರಿ ಕೋಟೆ
ಅಪ್ಪನ ದುಡ್ಡು ತಿಂದದ್ದನ್ನು ನಾನೇ ಒಪ್ಪಿಕೊಂಡಿದ್ದೇನೆ. ನಿಮ್ಮಿಂದ ಪಾಠ ಬೇಕಿಲ್ಲ. ಕಾನೂನೇ ಇ-ಸ್ಪೋರ್ಟ್ಸ್ ಬೇರೆ, ದುಡ್ಡಿನ ಆಟ ಬೇರೆ ಅಂತ ಇಟ್ಟಿದೆ, ಓದಿ ನೋಡಿ.

ಶಕ್ತಿನಗರ
ಜಗಳ ಬಿಡಿ. ಅರ್ಧ ರಾತ್ರಿವರೆಗೆ ಕೂರುವುದು ಯಾಕೆ ಅಂದರೆ ಸಂಜೆ ಹಾಸ್ಟೆಲ್ ವೈಫೈನಲ್ಲಿ ಪಿಂಗ್ (ನೆಟ್ ತಡ, ಮಿಲಿಸೆಕೆಂಡಿನಲ್ಲಿ) 140, ಹನ್ನೆರಡರ ಮೇಲೆ 40. ನಾನು ಮನೆಗೆ ಕೇಬಲ್ ನೆಟ್ ಹಾಕಿಸಿ, ರೂಟರಿಗೆ 1,400 ಕೊಟ್ಟು ಸಣ್ಣ ಯುಪಿಎಸ್ ಇಟ್ಟೆ. ಈಗ ಏಳಕ್ಕೆ ಆಡಿ ಒಂಬತ್ತಕ್ಕೆ ಮುಗಿಸುತ್ತೇನೆ.

ಗಂಗಾವತಿ ಗೈರೋ
ಆ ಯುಪಿಎಸ್ 12 ವೋಲ್ಟಿನದಾ? ಕರೆಂಟ್ ಹೋದರೆ ಎಷ್ಟು ಹೊತ್ತು ನಡೆಯುತ್ತೆ?

ಶಕ್ತಿನಗರ
12 ವೋಲ್ಟ್. ಮೂರು ಗಂಟೆ ಬರುತ್ತೆ.

ಸಿಂಧನೂರು ಹುಡುಗ
ಅಕ್ಕ, ನಾನೂ ಹತ್ತನೇವರೆಗೆ ಕನ್ನಡ ಮೀಡಿಯಂ. ಮೊದಲು ಅದನ್ನು ಬರೆದಿರಲಿಲ್ಲ. ನಿಮ್ಮ ತಮ್ಮ ಈಗ ಹೇಗಿದ್ದಾನೆ?

ಕೊಪ್ಪಳದ ಅಕ್ಕ
ಆರನೇ ಸೆಮ್‌ನಲ್ಲಿದ್ದಾನಪ್ಪಾ. ಮ್ಯಾಥ್ಸ್ ಒಂದು ಬ್ಯಾಕ್ ಇನ್ನೂ ಇದೆ, ಸೀನಿಯರ್ ಒಬ್ಬ ಕನ್ನಡದಲ್ಲಿ ಹೇಳಿಕೊಡುತ್ತಾನೆ. ಭಾನುವಾರ ಆಡುತ್ತಾನೆ. ಆಗ ನಾನು ರೂಮಿನ ಕಡೆ ಹೋಗುವುದಿಲ್ಲ. ನಿನ್ನವು ಯಾವ ಎರಡು ವಿಷಯ, ಹೇಳು.