ಎಂಟು ವರ್ಷ ನಿಂತ ಗೇರ್ ಸೈಕಲ್ ಮತ್ತೆ ರಸ್ತೆಗೆ: ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು? (ಪುಣೆ)

ಕೋಥ್ರೂಡ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಸೊಸೈಟಿ ಪಾರ್ಕಿಂಗ್‌ನಲ್ಲಿ ನಿಂತಿರುವ ಸೈಕಲ್ಲನ್ನು ಮತ್ತೆ ಓಡಿಸಬೇಕು ಅಂತಿದೆ. 26 ಇಂಚಿನ ಎಂಟಿಬಿ (ಮೌಂಟನ್ ಬೈಕ್), ಉಕ್ಕಿನ ಫ್ರೇಮ್, ಮುಂದೆ 3 ಹಿಂದೆ 7 ಗೇರ್, ವಿ-ಬ್ರೇಕ್ (ರಿಮ್ಮನ್ನು ಎರಡೂ ಪಕ್ಕದಿಂದ ಹಿಡಿಯುವ ಬ್ರೇಕ್), ಮುಂದೆ ಸಸ್ಪೆನ್ಷನ್. ನನ್ನ ತೂಕ 82 ಕೆ.ಜಿ. ವಾರಕ್ಕೆ ಎರಡು ದಿನ ಹಿಂಜವಡಿ ಆಫೀಸಿಗೆ, ಭಾನುವಾರ ಖಡಕ್‌ವಾಸ್ಲಾ ಕಡೆಗೆ, ಕಾಲು ಪಳಗಿದ ಮೇಲೆ ಸಿಂಹಗಡದ ಬೆಟ್ಟದ ಕೋಟೆಗೆ. ಬಜೆಟ್ 10 ಸಾವಿರ. ಅಂಗಡಿಯಲ್ಲಿ ಡಿಸ್ಕ್ ಬ್ರೇಕ್, ಹೊಸ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ), 9 ಸ್ಪೀಡ್ (ಹಿಂದೆ 9 ಗೇರ್) ಗೇರ್ ಸೆಟ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ? ಅಥವಾ ಇದನ್ನು ಮಾರಿ ಹೊಸದೇ ತಗೊಳ್ಳಲೇ?

ಪಾಷಾಣ್ ಪೆಡಲ್:

ಅವರು ಹೇಳಿದ ಮೂರೂ ಬೇಡ. ಡಿಸ್ಕ್ ಕೂರಿಸಬೇಕಾದರೆ ಫ್ರೇಮಿಗೂ ಫೋರ್ಕಿಗೂ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಕಚ್ಚುವ ಜಾಗ ಇರಬೇಕು, ಚಕ್ರದ ನಡುವಿನ ಹಬ್ಬಿನಲ್ಲಿ ರೋಟರ್ (ಡಿಸ್ಕ್) ಬಿಗಿಯುವ ತೂತುಗಳಿರಬೇಕು. ವಿ-ಬ್ರೇಕಿನ ಹಳೇ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಎರಡೂ ಇರಲ್ಲ. ಅಂದರೆ ಚಕ್ರ, ಫೋರ್ಕ್ ಎಲ್ಲ ಬದಲಾಗಿ ಬಜೆಟ್ ಅಲ್ಲೇ ಖಾಲಿ. 9 ಸ್ಪೀಡ್ ಕಥೆಯೂ ಅಷ್ಟೇ. 7 ಸ್ಪೀಡಿನಲ್ಲಿ ಹೆಚ್ಚಾಗಿ ಹಬ್ಬಿಗೆ ತಿರುಗಿಸಿ ಕೂರಿಸುವ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಇರುತ್ತೆ. 9ಕ್ಕೆ ಕ್ಯಾಸೆಟ್ (ಬೇರೆ ಥರ ಕೂರುವ ಹಲ್ಲುಚಕ್ರ ಗುಚ್ಛ) ಹಿಡಿಯುವ ಹಬ್, ಶಿಫ್ಟರ್ (ಗೇರ್ ಬದಲಿಸುವ ಹಿಡಿಕೆ), ಚೈನ್, ಕೆಲವೊಮ್ಮೆ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಕೂಡ ಬೇರೆ ಬೇಕು.

ದುಡ್ಡು ಹೋಗಬೇಕಾದ್ದು ನಿಂತಲ್ಲೇ ಹಾಳಾದ ಭಾಗಗಳಿಗೆ: ರಬ್ಬರ್, ಕೇಬಲ್, ಗ್ರೀಸ್. ಆದರೆ ಅದಕ್ಕೂ ಮೊದಲು ಫ್ರೇಮ್ ನೋಡಿ. ವೆಲ್ಡಿಂಗ್ ಇರುವಲ್ಲೆಲ್ಲ ಬಟ್ಟೆಯಿಂದ ಒರೆಸಿ, ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಟಾರ್ಚ್ ಹಿಡಿದು ಹುಡುಕಿ. ಸೀಟ್ ಪೋಸ್ಟ್ ಮೇಲೆ ಕೆಳಗೆ ಜಾರುತ್ತಾ? ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಅಲುಗಾಡದೆ ಇದ್ದರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಬಿರುಕು ಕಂಡರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಟೈರ್: ಗುಬಟು ಸವೆಯದಿದ್ದರೂ ಪಕ್ಕದ ಗೋಡೆಯಲ್ಲಿ ಸೀಳು ಬಿಟ್ಟಿರುತ್ತೆ, ಟ್ಯೂಬ್ ವಾಲ್ವಿನ ಬುಡದಲ್ಲಿ ಹರಿದಿರುತ್ತೆ. ಎರಡೂ ಹೊಸದು. ಬರೀ ‘26 ಇಂಚು’ ಅಂತ ಕೇಳಿ ತರಬೇಡಿ. ಹಳೇ ಟೈರಿನ ಪಕ್ಕದಲ್ಲಿ 559 (ಟೈರ್ ಕೂರುವ ರಿಮ್ಮಿನ ವ್ಯಾಸ, ಮಿ.ಮೀ.ನಲ್ಲಿ) ಅಂತ ಇದ್ದರೆ ಹೊಸದರಲ್ಲೂ 559 ಇರಲೇಬೇಕು. 26 × 1 3/8 ಅಂತ ಬರುವ ಸಾದಾ ಸೈಕಲ್ ಟೈರ್ 590, ಅದು ನಿಮ್ಮ ರಿಮ್ಮಿಗೆ ಕೂರಲ್ಲ. ಡಾಂಬರು ರಸ್ತೆಗೆ 1.5 ಅಥವಾ 1.75 ಇಂಚು ಅಗಲದ ನುಣುಪು ಟೈರ್ ಹಾಕಿಸಿ. ಈ ಸೈಕಲ್ಲಿನಲ್ಲಿ ವ್ಯತ್ಯಾಸ ಕಾಲಿಗೆ ಗೊತ್ತಾಗುವ ಮುಖ್ಯ ಅಪ್‌ಗ್ರೇಡ್ ಇದೇ. ನಿಮ್ಮ ತೂಕಕ್ಕೆ 1.5ರಲ್ಲಿ ಗಾಳಿ ಒತ್ತಡ ಹಿಂದೆ 50, ಮುಂದೆ 45 ಪಿಎಸ್‌ಐನಿಂದ ಶುರು ಮಾಡಿ. ಟೈರ್ ಮೇಲೆ ಬರೆದ ಗರಿಷ್ಠವನ್ನು ಮೀರಬೇಡಿ. ಹಾಗೇ ರಿಮ್ಮಿನೊಳಗಿನ ಪಟ್ಟಿಯೂ ಬದಲಾಗಲಿ. ಅದು ಒಣಗಿ ಸರಿದರೆ ಕಡ್ಡಿಯ ತುದಿ ಒಳಗಿನಿಂದಲೇ ಟ್ಯೂಬಿಗೆ ಚುಚ್ಚುತ್ತೆ, ಪದೇ ಪದೇ ಪಂಕ್ಚರ್ ಆದರೂ ಟೈರಿನಲ್ಲಿ ಮೊಳೆ ಸಿಗಲ್ಲ.

ಚೈನ್: ಸ್ಕೇಲ್ ಇಟ್ಟು ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ ಶುರುಮಾಡಿ 24 ಕೊಂಡಿ ದಾಟಿದ ಪಿನ್ನಿಗೆ ಸರಿಯಾಗಿ 12 ಇಂಚು ಬರಬೇಕು. 12 1/16 ಬಂದರೆ ಚೈನ್ ಬದಲಿಸುವ ಹೊತ್ತು. 12 1/8 ಬಂದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನ್ ಮಾತ್ರ ಹಾಕಿದರೆ ಒತ್ತಿ ತುಳಿದಾಗ ಜಿಗಿಯುತ್ತೆ.

ಹಬ್ಬಿನ ಗ್ರೀಸ್:

ಮ್ಯಾಲಿನವರು ಹೇಳಿದ್ದು ಖರೇ ಅದ ರೀ. ಬ್ರೇಕಿನ ಮಾತು ನಾ ಹೇಳ್ತೀನಿ, ಯಾಕಂದ್ರ ಸಿಂಹಗಡ ಹತ್ತೂದು ಒಂದು ಕೆಲಸಾದ್ರ ಇಳಿಯೂದು ಇನ್ನೊಂದು.

ಬ್ರೇಕ್ ರಬ್ಬರ್ ಎಂಟು ವರ್ಷದಾಗ ಕಲ್ಲಾಗಿರ್ತದ. ಉಜ್ಜಿ ಬಳಸೂದು ಬ್ಯಾಡ್ರಿ, ನಾಲ್ಕೂ ಹೊಸಾವು ಹಾಕ್ರಿ. ರಬ್ಬರ್ ಟೈರಿಗೆ ತಾಗಬಾರದು, ರಿಮ್ಮಿನ ಕೆಳಗೂ ಇಳೀಬಾರದು. ಮುಂದಿನ ತುದಿ ಒಂದು ಮಿ.ಮೀ. ಮೊದಲು ತಾಗೂ ಹಂಗ ಕೂಡಿಸ್ರಿ, ಇಲ್ಲಂದ್ರ ಕಿರ್ ಅಂತದ. ರಿಮ್ಮಿನ ಪಕ್ಕಕ್ಕ ಸ್ಕೇಲ್ ಹಿಡಿದು ನೋಡ್ರಿ. ನಡುವ ತಗ್ಗು ಬಿದ್ದಿದ್ರ ರಿಮ್ ಮುಗೀತು ಅಂತ ಅರ್ಥ. ಅದು ಒಂದಿನ ಗಾಳಿ ಒತ್ತಡಕ್ಕ ಸೀಳ್ತದ.

ಕೇಬಲ್ ಜೋಡಿ ಹೊರಗಿನ ಕವಚಾನೂ ಬದಲಿಸ್ರಿ. ಇಲ್ಲಿ ಒಂದು ಎಚ್ಚರ: ಬ್ರೇಕಿನ ಕವಚದಾಗ ತಂತಿ ಸುರುಳಿ ಸುತ್ತಿರ್ತದ, ಗೇರಿನ ಕವಚದಾಗ ಉದ್ದಕ ಇರ್ತದ. ಕೆಲವು ಕಡೆ ಉಳಿದ ತುಂಡು ಅದ ಅಂತ ಗೇರಿಂದನ ಬ್ರೇಕಿಗೆ ಹಾಕಿಬಿಡ್ತಾರ. ಜೋರಾಗಿ ಹಿಡಿದಾಗ ಅದು ಒಡದು ತಂತಿ ಹೊರಗ ಬಂತಂದ್ರ ಬ್ರೇಕೇ ಇಲ್ಲ. ನಿಂತು ನೋಡಿ ಹಾಕಿಸ್ರಿ.

ಆಮ್ಯಾಲೆ ಗ್ರೀಸ್. ಹಳೇದು ಒಣಗಿ ಮೇಣ ಆಗಿರ್ತದ. ಹಬ್ಬು ಬಿಚ್ಚಿಸಿ ಬೇರಿಂಗ್ ಗುಂಡು ಹೊಸಾವು ಹಾಕಿಸ್ರಿ. ಸಾಮಾನ್ಯ ಅಳತಿ ಮುಂದ ಬದಿಗೆ 3/16 ಇಂಚಿನ 10, ಹಿಂದ ಬದಿಗೆ 1/4 ಇಂಚಿನ 9. ಆದರೂ ಹಳೇ ಗುಂಡು ಒಯ್ದು ತಾಳೆ ನೋಡೇ ತರ್ರಿ. ಗುಂಡು ಉರುಳೂ ಕೋನಿನ ಮ್ಯಾಲೆ ಕುಳಿ ಬಿದ್ದಿದ್ರ ಅದನ್ನೂ ಬದಲಿಸಬೇಕು. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದ ಮುಂದ ದೂಡಿ ನೋಡ್ರಿ, ಹ್ಯಾಂಡಲ್ ಬುಡದಾಗ ಟಕ್ ಅಂದ್ರ ಹೆಡ್‌ಸೆಟ್ (ಹ್ಯಾಂಡಲ್ ತಿರುಗೂ ಬೇರಿಂಗ್) ಸಡಿಲ. ಪೆಡಲ್ ದಂಡ ಎರಡೂ ಒಟ್ಟಿಗೆ ಆಕಡೆ ಈಕಡೆ ಅಲುಗಿದ್ರ ಬಾಟಮ್ ಬ್ರಾಕೆಟ್ (ದಂಡ ತಿರುಗೂ ನಡುವಿನ ಬೇರಿಂಗ್) ಹೋಗ್ಯದ. ಒಂದೇ ಅಲುಗಿದ್ರ ಅದರ ಬೋಲ್ಟ್ ಸಡಿಲ. ಅದು ಬಹಳ ಸಲ ಎಡಗಡೆದೇ ಇರ್ತದ. ಹಂಗೇ ತುಳಿದ್ರ ಚೌಕ ತೂತು ಅಗಲಾಗಿ ದಂಡಾನೇ ಕೆಡ್ತದ.

ಫೋರ್ಕ್ ಅಂತೀರಾ, ಅಗ್ಗದ ಸ್ಪ್ರಿಂಗ್ ಫೋರ್ಕ್ ತೆಗೆದು ಇನ್ನೊಂದು ಅಗ್ಗದ್ದು ಹಾಕಿ ಫಾಯದೆ ಏನದ?

ಕೋಥ್ರೂಡ್ ಕನ್ನಡಿಗ:

ಇಬ್ಬರಿಗೂ ಧನ್ಯವಾದ. ಫ್ರೇಮ್ ಸರಿ ಇದೆ, ರಿಮ್ ಕೂಡ. ಚೈನ್ ಅಳತೆ 12 1/8 ದಾಟಿದೆ. ಮುಂದಿನ ಹಲ್ಲುಚಕ್ರಗಳಲ್ಲಿ 48/38/28 ಹಲ್ಲು, ಹಿಂದೆ 14–28. ಸಿಂಹಗಡಕ್ಕೆ ಈ ಗೇರ್ ಸಾಕಾಗುತ್ತಾ? ಇನ್ನು ಸ್ವಲ್ಪ ದೂರ ಹೋದರೂ ಮಂಡಿಯ ಮುಂಭಾಗ ನೋಯುತ್ತೆ. ಜೆಲ್ ಸೀಟ್ ಕವರ್ ಹಾಕಿದರೆ ಸರಿಹೋಗುತ್ತಾ? ಸ್ಕೂಟರ್ ಹೆಲ್ಮೆಟ್ ಇದೆ, ಅದೇ ನಡೆಯುತ್ತಾ?

ಪಾಷಾಣ್ ಪೆಡಲ್:

ಗೇರ್ ಲೆಕ್ಕ ಹೀಗೆ. ಮುಂದೆ 28, ಹಿಂದೆ 28 ಅಂದರೆ ಪೆಡಲ್ ಒಂದು ಪೂರ್ತಿ ಸುತ್ತಿಗೆ ಚಕ್ರವೂ ಒಂದು ಸುತ್ತು, ಸುಮಾರು 2 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7 ಕಿ.ಮೀ. ಮೇಲೆ ವೇಗ. ಸಿಂಹಗಡದ ಬುಡದ ಗೋಳೇವಾಡಿಯಿಂದ ಮೇಲಿನ ಏರಿನಲ್ಲಿ ಹೊಸಬರಿಗೆ ಅಷ್ಟು ವೇಗ ಉಳಿಯಲ್ಲ. ಆಗ ಸುತ್ತು 40ಕ್ಕೆ ಇಳಿಯುತ್ತೆ, ಇಡೀ ಭಾರ ಮಂಡಿಗೆ ಬೀಳುತ್ತೆ. ಹೇಗೂ ಫ್ರೀವೀಲ್ ಬದಲಿಸಲೇಬೇಕಲ್ಲ, 14–34ರ 7 ಸ್ಪೀಡ್ ಫ್ರೀವೀಲ್ ಕೇಳಿ. ಅದೇ 60 ಸುತ್ತಿಗೆ ಗಂಟೆಗೆ 6 ಕಿ.ಮೀ. ಬರುತ್ತೆ, ಕಾಲಿಗೆ ಎಷ್ಟೋ ಹಗುರ. ಹಳೇ ಡಿರೇಲರ್ 34 ಹಲ್ಲು ತಡೆಯುತ್ತಾ ಅಂತ ಮೊದಲು ಮಾಡೆಲ್ ಸಂಖ್ಯೆ ನೋಡಿ ಖಚಿತ ಮಾಡಿಕೊಳ್ಳಿ. ಕೆಲವು 28ಕ್ಕೇ ನಿಲ್ಲುತ್ತವೆ.

ಚೈನ್ ‘6/7/8 ಸ್ಪೀಡ್’ ಅಂತ ಬರುವುದು. ಹಳೆಯದರ ಪಕ್ಕ ಇಟ್ಟು ಕತ್ತರಿಸಬೇಡಿ, ಅದು ಹಿಗ್ಗಿದೆ. 34ಕ್ಕೆ ಹೋಗುವುದಾದರೆ ಹೊಸ ಚೈನನ್ನು ಡಿರೇಲರಿನೊಳಗೆ ತೂರಿಸದೆ ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಸುತ್ತಿ, ತುದಿಗಳು ಕೂಡುವ ಜಾಗದಿಂದ ಇನ್ನೂ ಎರಡು ಕೊಂಡಿ ಬಿಟ್ಟು ಕತ್ತರಿಸಿ. ಹೊಸ ಫ್ರೀವೀಲ್ ಕೂರುವ ತಿರುಪಿನ ಗೆರೆಗಳಿಗೆ ಗ್ರೀಸ್ ಹಚ್ಚಿಯೇ ತಿರುಗಿಸಬೇಕು, ಇಲ್ಲದಿದ್ದರೆ ಮುಂದಿನ ಸಲ ಬಿಚ್ಚುವವನ ಗತಿ ಕೇಳಬೇಡಿ. ತುಳಿದಷ್ಟೂ ಅದು ತಾನಾಗಿ ಬಿಗಿಯಾಗುತ್ತಾ ಹೋಗುತ್ತೆ.

ವಾನವಡಿ ವೈಸರ್:

ಮಂಡಿಯ ಮುಂಭಾಗದ ನೋವಿಗೆ ಮೊದಲ ಅನುಮಾನ ಸೀಟು ತಗ್ಗಾಗಿರುವುದರ ಮೇಲೆ. ಮಂಡಿಯ ಹಿಂದೆ ನೋವಾದರೆ ಎತ್ತರ ಹೆಚ್ಚಾಗಿರಬಹುದು. ಬರಿಗಾಲಲ್ಲಿ ಗೋಡೆಗೆ ಆನಿಸಿ ನಿಂತು, ತೊಡೆ ಸಂದಿಗೆ ಪುಸ್ತಕ ಒತ್ತಿ ನೆಲದಿಂದ ಅಳೆಯಿರಿ, ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ 70.6. ಬಾಟಮ್ ಬ್ರಾಕೆಟಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಎತ್ತರ ಇಟ್ಟು ಶುರು ಮಾಡಿ, ಆಮೇಲೆ 5 ಮಿ.ಮೀ. ಲೆಕ್ಕದಲ್ಲಿ ಏರಿಸಿ ಇಳಿಸಿ. ಸೀಟ್ ಪೋಸ್ಟ್ ಮೇಲಿನ ‘ಮಿನಿಮಮ್’ ಗೆರೆ ಫ್ರೇಮಿನಿಂದ ಹೊರಗೆ ಕಾಣಬಾರದು. ಇದಾದ ಮೇಲೂ ಎರಡು ಮೂರು ವಾರ ನೋವು ಉಳಿದರೆ ಫಿಸಿಯೋ ಹತ್ತಿರ ಹೋಗಿ, ಸೈಕಲ್ ಅಂಗಡಿಗಲ್ಲ.

ಜೆಲ್ ಕವರ್ ಬೇಡ. ಮೆತ್ತಗಿದ್ದಷ್ಟೂ ಕೂರುವ ಮೂಳೆ ಒಳಗೆ ಹುದುಗಿ ನಡುವಿನ ಮೃದು ಭಾಗ ಒತ್ತುತ್ತೆ, ಕವರ್ ಜಾರಿ ತೊಡೆಯೂ ಉಜ್ಜುತ್ತೆ. ಅದೇ ದುಡ್ಡಿಗೆ ಪ್ಯಾಡ್ ಇರುವ ಚಡ್ಡಿ ತಗೊಳ್ಳಿ. ಒಳಗೆ ಬೇರೆ ಏನೂ ಹಾಕಬಾರದು, ಪ್ರತಿ ಸಲ ಒಗೆಯಬೇಕು.

ಸ್ಕೂಟರ್ ಹೆಲ್ಮೆಟ್‌ನಲ್ಲಿ ಗಾಳಿ ಆಡಲ್ಲ, ಏರಿನಲ್ಲಿ ತಲೆ ಬೇಯುತ್ತೆ, ಕೊನೆಗೆ ಮನೆಯಲ್ಲೇ ಬಿಟ್ಟು ಹೋಗುತ್ತೀರಿ. ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಸಿಪಿಎಸ್‌ಸಿ ಅಂತಿರುವ ಸೈಕಲ್ ಹೆಲ್ಮೆಟ್ ಸಾಕು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿ ಕಿವಿಯ ಕೆಳಗೆ ಕೂಡಬೇಕು. ಒಮ್ಮೆ ಬಿದ್ದು ಏಟು ತಿಂದಿದ್ದನ್ನು ಮತ್ತೆ ಹಾಕಬೇಡಿ.

ಬಜೆಟ್ ಹೀಗೆ ಹಂಚಬಹುದು, ಅಂದಾಜು ಅಷ್ಟೇ. ಟೈರ್, ಚೈನ್, ಫ್ರೀವೀಲ್, ಬ್ರೇಕ್, ಕೂಲಿ ಸೇರಿ 5ರಿಂದ 6 ಸಾವಿರ. ಉಳಿದಿದ್ದರಲ್ಲಿ ಹೆಲ್ಮೆಟ್, ದೀಪ, ಗೇಜ್ ಇರುವ ನಿಲ್ಲಿಸುವ ಪಂಪ್. ಹಿಂಜವಡಿಯಿಂದ ಕತ್ತಲಲ್ಲಿ ವಾಪಸ್ ಬರುವುದಾದರೆ ಮುಂದೆ 300–400 ಲ್ಯೂಮೆನ್, ಹಿಂದೆ ಕೆಂಪು ದೀಪ, ಜೊತೆಗೆ ರಿಫ್ಲೆಕ್ಟರ್. ಮುಂದಿನ ದೀಪವನ್ನು ಎದುರಿನವರ ಕಣ್ಣಿಗಲ್ಲ, ರಸ್ತೆಗೆ ಬಾಗಿಸಿ. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಟ್ಯೂಬ್, ಎರಡು ಟೈರ್ ಲಿವರ್, ಪ್ಯಾಚ್, 4–5–6 ಮಿ.ಮೀ. ಅಲೆನ್ ಕೀ, ಚಿಕ್ಕ ಪಂಪ್. ಹಿಂದಿನ ಚಕ್ರ ನಟ್ಟಿನದಾದರೆ 15 ಮಿ.ಮೀ. ಸ್ಪ್ಯಾನರ್ ಮರೆತರೆ ಟ್ಯೂಬ್ ಇದ್ದೂ ಪ್ರಯೋಜನ ಇಲ್ಲ.

ಇನ್ನೊಂದು: ಹಿಂಜವಡಿ ದಾರಿಯಲ್ಲಿ, ನೀವು ಸೈಕಲ್ ಬಿಟ್ಟ ಕಾಲದ ಚಾಂದನಿ ಚೌಕ್ ಈಗಿಲ್ಲ. ಹಳೇ ಸೇತುವೆಯನ್ನು 2022ರಲ್ಲಿ ಕೆಡವಿದರು, ಈಗ ಅಲ್ಲಿ ಹಲವು ರ್‍ಯಾಂಪ್. ತಪ್ಪು ರ್‍ಯಾಂಪ್ ಹಿಡಿದರೆ ನೇರ ಹೆದ್ದಾರಿ ಲಾರಿಗಳ ನಡುವೆ ಬೀಳುತ್ತೀರಿ. ಮೊದಲು ಒಂದು ಭಾನುವಾರ ಬೆಳಿಗ್ಗೆ ದಾರಿ ನೋಡಿಕೊಂಡು ಬನ್ನಿ.

ಹಬ್ಬಿನ ಗ್ರೀಸ್:

ಮಳಿಗಾಲ ಮರೀಬ್ಯಾಡ್ರಿ. ಜೂನ್‌ಕಿಂತ ಮೊದಲು ಎರಡೂ ಕಡೆ ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕಿಸ್ರಿ. ಒದ್ದಿ ರಿಮ್ ಮೊದಲ ಒಂದೆರಡು ಸುತ್ತು ನೀರು ಒರೆಸೂದ್ರಾಗ ಹೋಗ್ತದ, ಅದಕ್ಕ ಬ್ರೇಕ್ ಬೇಗ ಹಿಡೀರಿ. ಡಬ್ಲ್ಯೂಡಿ-40 ಚೈನಿನ ಎಣ್ಣಿ ಅಲ್ರಿ. ಅದನ್ನ ಹೊಡೆದು ಬಿಟ್ರ ಒಳಗಿನ ಜಿಡ್ಡು ತೊಳದು ಹೋಗ್ತದ. ಚೈನ್ ಎಣ್ಣಿ ಪ್ರತಿ ಕೊಂಡಿಯ ರೋಲರಿಗೆ ಒಂದು ಹನಿ ಬಿಟ್ಟು, ಹತ್ತು ನಿಮಿಷ ತಡದು ಹೊರಗಿಂದು ಪೂರಾ ಒರೆಸಿಬಿಡ್ರಿ. ಹೊರಗ ಉಳಿದ ಎಣ್ಣಿ ಧೂಳು ಹಿಡಿದು ಅರದಂಗ ಹಲ್ಲು ತಿಂತದ.

ಗಡ ಇಳಿಯುವಾಗ ಬ್ರೇಕ್ ಒಂದೇ ಸವನ ಎಳಕೊಂಡು ಬರಬ್ಯಾಡ್ರಿ, ರಿಮ್ ಕಾಯ್ತದ. ತಿರುವಿಗಿಂತ ಮೊದಲ ಎರಡೂ ಹಿಡಿದು ವೇಗ ಇಳಿಸಿ ಬಿಡ್ರಿ, ಮತ್ತ ಹಿಡೀರಿ.

ಪಾಷಾಣ್ ಪೆಡಲ್:

ರಿಪೇರಿ ಮುಗಿದು 80–100 ಕಿ.ಮೀ. ಓಡಿದ ಮೇಲೆ ಹೊಸ ಕವಚಗಳು ಕೂತು ಗೇರ್ ಕೇಬಲ್ ಸಡಿಲ ಆಗುತ್ತೆ. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ಚೈನ್ ತಡವರಿಸಿದರೆ ಡಿರೇಲರಿಗೆ ಕೇಬಲ್ ಒಳಹೋಗುವಲ್ಲಿನ ತಿರುಪನ್ನು ಅಪ್ರದಕ್ಷಿಣೆಯಾಗಿ ಅರ್ಧ ಸುತ್ತು ತಿರುಗಿಸಿ ನೋಡಿ. ಅದೇ ಹೊತ್ತಿಗೆ ಎಡ ಪೆಡಲ್ ದಂಡದ ಬೋಲ್ಟನ್ನೂ ಒಮ್ಮೆ ಬಿಗಿ ಮಾಡಿಸಿ.